ಪೆಟ್ಟು ಮೊದಲೇ ತಿಳಿಯುವ ಗುಣದ ಕ್ರಯ

ನೆಕ್ರಾಜೆಯ ಮೂಕಾಂಬಿಕಾ, ಶಾಲೆ ಮಕ್ಕಳ ಯೂನಿಫಾರ್ಮು ಹೊಲಿಯುವವಳು. ಅಳತೆ ತೆಗೆದುಕೊಂಡ ಮೇಲೂ, ಮಗು ಒಮ್ಮೆ ಹಾಕಿ ಕೈ ಎತ್ತಿ ಬಗ್ಗಿ ತೋರಿಸದೆ ಅಂಗಿ ಬಿಟ್ಟುಕೊಡುವವಳಲ್ಲ. ನಾನು ಪಕ್ಕದ ಮನೆಯವಳು. ಮಧ್ಯಾಹ್ನ ಉಂಡು ಬೀಡಿ ಎಲೆ ಹಿಡಿದುಕೊಂಡು ಅವಳ ಮೆಷಿನಿನ ಹತ್ತಿರ ಹೋಗಿ ಕೂತುಕೊಳ್ಳುವುದು ರೂಢಿ.

ಅವಳಿಗೆ ಇನ್ನೊಂದು ಕೆಲಸ ಉಂಟು. ಅದನ್ನು ಕೆಲಸ ಅಂದರೆ ಊರಿನವರು ನಗುತ್ತಾರೆ. ಭಾನುವಾರ ನಾಲ್ಕು ಜನ ಬಂದು ಅವಳ ಮೇಜಿನ ಸುತ್ತ ಕೂತು ಯುದ್ಧದ ಆಟ ಆಡುತ್ತಾರೆ. ಇಸ್ಪೀಟು ಅಲ್ಲ, ಚೆಸ್ಸೂ ಅಲ್ಲ. ಒಬ್ಬೊಬ್ಬರೂ ಕಾಗದದಲ್ಲಿ ಒಬ್ಬ ಯೋಧನನ್ನು ಬರೆದುಕೊಳ್ಳಬೇಕು. ಎಲ್ಲರಿಗೂ ನೂರು ಪಾಯಿಂಟು. ಅದರಲ್ಲಿ ಬಲವೋ ಕವಚವೋ ಚುರುಕೋ, ಬೇಕಾದ್ದು ಕೊಳ್ಳಬಹುದು. ಮತ್ತೆ ದಾಳ ಹಾಕಿ ಹೊಡೆದಾಟ. ಯಾವ ಗುಣಕ್ಕೆ ಎಷ್ಟು ಕ್ರಯ ಅಂತ ನಿಶ್ಚಯ ಮಾಡುವವಳು ಮೂಕಾಂಬಿಕಾ. ಆಟ ಕಲಿಸಿದ್ದು ಅವಳ ಅಣ್ಣ ಧನರಾಜ, ಅಬುಧಾಬಿಯಿಂದ ರಜೆಯಲ್ಲಿ ಬಂದಾಗ. ಮೂರು ವರ್ಷದ ಹಿಂದೆ ಅವನು ಅಲ್ಲೇ ಎದೆನೋವಿನಿಂದ ತೀರಿಹೋದ. ಮದುವೆಯಾಗಿರಲಿಲ್ಲ. ಆಮೇಲೆ ಆ ಮನೆಯಲ್ಲಿ ನಗು ಕೇಳುವುದು ಭಾನುವಾರ ಮಾತ್ರ.

ಒಂದು ಭಾನುವಾರ ಜಗಳ ಎದ್ದಿತು. ಪೆಟ್ಟು ಬೀಳುವ ಮೊದಲೇ ತಿಳಿಯುವ ಗುಣ ಅಂತ ಒಂದು ಉಂಟು. ಅದು ಇದ್ದವನು ಎದುರಿನವನ ದಾಳವನ್ನು ಇನ್ನೊಮ್ಮೆ ಹಾಕಿಸಬಹುದು. ಕ್ರಯ ಬರೇ ಹತ್ತು. ಉಪ್ಪಳದಲ್ಲಿ ಮೊಬೈಲು ಅಂಗಡಿ ಇರುವ ಝಿಯಾದ್ ಒಬ್ಬನನ್ನು ಬಿಟ್ಟು ಮೂವರೂ ಅದನ್ನೇ ಕೊಂಡಿದ್ದರು.

"ನಲವತ್ತು ಕೊಟ್ಟು ಕವಚ ಕೊಂಡವನು ನಾನು, ಮೊದಲು ಸಾಯುವವನೂ ನಾನೇ. ಹತ್ತು ಕೊಟ್ಟ ಕುಶಲ್ ಹಲ್ಲು ಕಿರಿಯುವುದು. ಇದೆಂತ ನ್ಯಾಯ ಅಕ್ಕ?" ಅಂದ ಝಿಯಾದ್.

"ನಿನಗೆ ಕೊಳ್ಳಲಿಕ್ಕೇ ಗೊತ್ತಿಲ್ಲ ಮಾರಾಯ. ಅಂಗಡಿ ಹೇಗೆ ನಡೆಸ್ತಿ?" ಅಂದ ಕುಶಲ್.

ಝಿಯಾದ್ ಎದ್ದೇಬಿಟ್ಟ. "ಬರುವ ಭಾನುವಾರಕ್ಕೆ ಕ್ರಯ ಸರಿಯಾಗದಿದ್ದರೆ ನಾನಿಲ್ಲ." ಉಳಿದವರೂ ಬರುವುದು ಅವನ ಕಾರಿನಲ್ಲೇ. ಅವನಿಲ್ಲ ಅಂದರೆ ಭಾನುವಾರವೇ ಇಲ್ಲ. ಮೂಕಾಂಬಿಕೆಯ ಮುಖ ನೋಡಿ ನನಗೆ ಅದು ಅರ್ಥವಾಯಿತು.

ಸೋಮವಾರ ನಾವಿಬ್ಬರೂ ಕ್ರಯದ ಪರೀಕ್ಷೆಗೆ ಕೂತೆವು. ಇಬ್ಬರು ಯೋಧರು, ಒಬ್ಬನಿಗೆ ಆ ಗುಣ, ಇನ್ನೊಬ್ಬನಿಗೆ ಅಷ್ಟೇ ಪಾಯಿಂಟಿನ ಕವಚ. ನಲವತ್ತು ಸಲ ಹೊಡೆದಾಡಿಸುವುದು. ಇಬ್ಬರೂ ಹೆಚ್ಚುಕಡಿಮೆ ಸಮ ಗೆದ್ದರೆ ಕ್ರಯ ಸರಿ. ಕವಚದವನಿಗೆ ವಾಸಪ್ಪ ಅಂತ ಹೆಸರಿಟ್ಟಳು, ಅವನ ದಾಳ ನನ್ನ ಕೈಗೆ ಕೊಟ್ಟಳು. ತನ್ನವನಿಗೆ ಧನರಾಜ ಅಂತ ಬರೆದಳು. ಪ್ರತಿ ಸಲವೂ ಅವಳು "ಧನರಾಜ ಬಂದ" ಅನ್ನುವಳು, ಮತ್ತೆ ದಾಳ ಹಾಕುವಳು.

ನಲವತ್ತರಲ್ಲಿ ಧನರಾಜ ಮೂವತ್ತೇಳು ಗೆದ್ದ. ಮಂಗಳವಾರ ಕ್ರಯ ಇಪ್ಪತ್ತಕ್ಕೆ ಏರಿಸಿದಳು. ಮೂವತ್ತೇಳು. ಬುಧವಾರ ಅರುವತ್ತು. ವಾಸಪ್ಪನಿಗೂ ಅರುವತ್ತರ ಕವಚ ಸಿಕ್ಕಿತು. ಆದರೂ ಮೂವತ್ತೇಳು. ಸೋತದ್ದು ಆರನೆಯದ್ದು, ಹತ್ತೊಂಬತ್ತನೆಯದ್ದು, ಮೂವತ್ತಮೂರನೆಯದ್ದು. ಮೂರು ದಿನವೂ ಅವೇ ಮೂರು.

ಗುರುವಾರ ಅವಳು ದಾಳವನ್ನು ಬಾಯಿಯ ಹತ್ತಿರ ಹಿಡಿದು ಮೆಲ್ಲ ಹೇಳಿದಳು: "ಅಣ್ಣ, ಸಮ ಮಾಡು."

ಆ ದಿನ ಅವನು ಒಂದು ಗೆದ್ದ, ಒಂದು ಸೋತ. ಮತ್ತೆ ಒಂದು ಗೆದ್ದ, ಒಂದು ಸೋತ. ನಲವತ್ತೂ ಹಾಗೆಯೇ. ಕ್ರಯ ಐದಕ್ಕೆ ಇಳಿಸಿ ನೋಡಿದಳು. ಆಗಲೂ ಹಾಗೆಯೇ.

"ಐದಕ್ಕೂ ಸರಿ, ಅರುವತ್ತಕ್ಕೂ ಸರಿ. ನಾನು ಕೇಳಿದ್ದು ಕೊಡ್ತಾನೆ ಕಿನ್ನಿಯಕ್ಕ. ಕ್ರಯ ಮಾತ್ರ ಸಿಕ್ಕುವುದಿಲ್ಲ" ಅಂದಳು ನನ್ನ ಹತ್ತಿರ.

ನಮ್ಮಲ್ಲಿ ತೀರಿಹೋದವರನ್ನು ಹೆಸರು ಹಿಡಿದು ಕರೆಯುವುದು ಅವರಿಗೆ ಬಡಿಸುವ ದಿನ ಮಾತ್ರ. ಎಲೆ ಹಾಕಿ, ಕರೆದು, ಬಾಗಿಲು ಎಳೆದುಕೊಂಡು ಹೊರಗೆ ನಿಲ್ಲುತ್ತೇವೆ. ಉಂಡು ಹೋಗಲಿ ಅಂತ. "ನಾಲ್ಕು ದಿನ ಕರೆದಿ, ಎಲೆ ಹಾಕಲಿಲ್ಲ" ಅಂದೆ.

"ಬಡಿಸಿದರೆ ಹೋಗ್ತಾನಲ್ಲ?"

"ಹೋಗಬೇಕಲ್ಲ ಮಗಾ."

ಅವಳು ನೂಲಿಲ್ಲದ ಮೆಷಿನನ್ನು ಸುಮಾರು ಹೊತ್ತು ತುಳಿದಳು.

ಶುಕ್ರವಾರ ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿ ಬಾಗಿಲು ಎಳೆದೆವು. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಒಳಗೆ ಮೇಜಿನ ಮೇಲೆ ದಾಳ ಉರುಳಿತು. ಒಂದೇ ಸಲ.

"ಕೇಳಿತಾ?"

"ಕೇಳಿತು."

ಬಾಗಿಲು ತೆರೆದದ್ದೇ ಅವಳು ನೇರ ಹೋಗಿ ಆ ದಾಳದ ಮೇಲೆ ಅಂಗೈ ಮುಚ್ಚಿದಳು. ಎಷ್ಟು ಬಿದ್ದಿತ್ತು ಅಂತ ಅವಳೂ ನೋಡಲಿಲ್ಲ, ನನಗೂ ನೋಡಲಿಕ್ಕೆ ಬಿಡಲಿಲ್ಲ. ಹಾಗೆಯೇ ಗುಂಡಿಗಳ ಡಬ್ಬಕ್ಕೆ ಹಾಕಿ ಮುಚ್ಚಳ ಒತ್ತಿದಳು. ಆಮೇಲೆ ಕಾಗದದಲ್ಲಿದ್ದ ಹೆಸರನ್ನು ರಬ್ಬರಿನಿಂದ ಉಜ್ಜಿದಳು. ಕಾಗದ ತೆಳ್ಳಗಾಗಿ ಆಚೆ ಕಡೆಯ ಬೆಳಕು ಕಾಣುವಷ್ಟು ಉಜ್ಜಿದಳು.

ಶನಿವಾರ ಆ ಜಾಗದಲ್ಲಿ ಚೆನ್ನಪ್ಪ ಅಂತ ಬರೆದಳು.

"ಗ್ಯಾಸು ತರುವ ಚೆನ್ನಪ್ಪನಾ?"

"ಹ್ಞೂಂ. ಅವನು ಗಟ್ಟಿ ಇದ್ದಾನೆ. ಮೊನ್ನೆ ಕೂಡ ನನ್ನ ಹತ್ತಿರ ಜಗಳ ಮಾಡಿದ್ದಾನೆ."

ಬೇರೆ ದಾಳ ತೆಗೆದೆವು. ಅದು ಮನಸ್ಸು ಬಂದ ಹಾಗೆ ಬಿದ್ದಿತು. ಚೆನ್ನಪ್ಪ ಹತ್ತಕ್ಕೆ ಇಪ್ಪತ್ತೊಂಬತ್ತು ಗೆದ್ದ, ಇಪ್ಪತ್ತಕ್ಕೆ ಇಪ್ಪತ್ತನಾಲ್ಕು, ಇಪ್ಪತ್ತೈದಕ್ಕೆ ಇಪ್ಪತ್ತೊಂದು. ನನ್ನ ವಾಸಪ್ಪ ಸಾಲಾಗಿ ಐದು ಗೆದ್ದಾಗ ನಾನು ಕೂಗಿಯೇಬಿಟ್ಟೆ. ಅವಳು ತಲೆ ಎತ್ತದೆ ಗೀಟು ಹಾಕುತ್ತಾ ಹೋದಳು.

ಭಾನುವಾರ, ಕ್ರಯ ಇಪ್ಪತ್ತೈದು ಅಂತ ಕೇಳಿದ್ದೇ ಕುಶಲ್ ಹಣೆ ಬಡಿದುಕೊಂಡ. "ಇಪ್ಪತ್ತಕ್ಕೆ ಕೊಡಿ ಅಕ್ಕ. ಪರಿಚಯದವರಿಗೆ ಅಷ್ಟೂ ಇಲ್ಲವಾ?"

"ಇಲ್ಲ."

ಅವಳು ಹೇಳಿದ ರೀತಿಗೆ ಅವನು ಮತ್ತೆ ಚೌಕಾಸಿಗೆ ಹೋಗಲಿಲ್ಲ. ಝಿಯಾದ್ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. "ಹಾಕು ಮಾರಾಯ" ಅಂದ ಕುಶಲನಿಗೆ, "ಇವತ್ತು ನೀನೂ ಸ್ವಲ್ಪ ಸಾಯಿ."