ಸೀನಿಯರ್ ದೆಹಲಿಯಲ್ಲಿದ್ದಾರೆ

ನನ್ನ ವಕೀಲಿಕೆಯಲ್ಲಿ ನಾನು ಅತಿ ಹೆಚ್ಚು ಸಲ ಆಡಿರುವ ಮಾತು ಒಂದೇ: "ಸೀನಿಯರ್ ದೆಹಲಿಯಲ್ಲಿದ್ದಾರೆ ಸ್ವಾಮಿ, ವಾಯಿದೆ ಕೊಡಬೇಕು." ಹುಣಸೂರಿನ ಕೋರ್ಟಿನಲ್ಲಿ ಎದ್ದು ನಿಂತು ಇದನ್ನು ಹೇಳುವುದಕ್ಕೆ ಲಾ ಕಾಲೇಜಿಗೆ ಹೋಗಬೇಕಿರಲಿಲ್ಲ. ಒಂದು ಗಿಳಿ ಸಾಕಿಕೊಂಡಿದ್ದರೂ ನಡೆಯುತ್ತಿತ್ತು.

ಸೀನಿಯರ್ ಅಂದರೆ ನಾನು ಜೂನಿಯರ್ ಆಗಿ ಸೇರಿಕೊಂಡ ವಕೀಲರು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ಕಡೆ ಅವರಿಗೆ ಕೇಸುಗಳಿದ್ದವು. ಬೆಳಿಗ್ಗೆ ಒಂದು ಕೋರ್ಟು, ಮಧ್ಯಾಹ್ನ ಇನ್ನೊಂದು. ಕರಿಕೋಟನ್ನು ಮಡಿಸಿ ಸ್ಕೂಟರಿನ ಡಿಕ್ಕಿಗೆ ತುರುಕಿಕೊಂಡು ಓಡಾಡುತ್ತಿದ್ದರು. ಅವರು ಪಾಟಿಸವಾಲಿಗೆ ನಿಂತರೆ ಎದುರು ಕಡೆಯ ಸಾಕ್ಷಿ ನೀರು ಕೇಳುತ್ತಿದ್ದ. ಊರೂರಿನಲ್ಲೂ ಕಕ್ಷಿದಾರರು, ಮದುವೆ ಮುಂಜಿಗೆಲ್ಲ ಕರೆ. ಇಂಥವರನ್ನು ರಾಜಕೀಯ ಬಿಟ್ಟೀತೇ? ಮೊದಲು ಜಿಲ್ಲಾ ಪಂಚಾಯಿತಿ, ಆಮೇಲೆ ಲೋಕಸಭೆ. ಗೆದ್ದ ದಿನ ಕೋರ್ಟಿನ ಮುಂದೆ ಪಟಾಕಿ ಹೊಡೆದವರಲ್ಲಿ ನಾನೂ ಇದ್ದೆ, ಸುಳ್ಳು ಯಾಕೆ ಹೇಳಲಿ.

ಅವರು ದೆಹಲಿಗೆ ಹೋದರು, ಫೈಲುಗಳು ನನ್ನ ತಲೆಗೆ ಬಂದವು. ಬಹಳ ಜನ ಬೇರೆ ವಕೀಲರನ್ನು ಹಿಡಿದುಕೊಂಡರು. ಜಪ್ಪಯ್ಯ ಅಂದರೂ ಕದಲದವಳು ಗುರುಪುರದ ಕಡೆಯ ಒಬ್ಬ ಅಜ್ಜಿ.

ಅಜ್ಜಿಯ ಹೊಲಕ್ಕೆ ಹೋಗುವ ಗಾಡಿದಾರಿಗೆ ಅವಳ ಮೈದುನ ಕಲ್ಲುಕಂಬ ನೆಟ್ಟು ತಂತಿ ಎಳೆದಿದ್ದ. ಹೊಗೆಸೊಪ್ಪನ್ನು ತಲೆ ಮೇಲೆ ಹೊತ್ತು ಕಾಲುವೆ ಏರಿಯ ಮೇಲೆ ಸುತ್ತಿ ಬಳಸಿ ತರಬೇಕಾಗಿತ್ತು. ಅದಕ್ಕೂ ಅವಳು ಅಂಜಿದವಳಲ್ಲ. "ಸೊಪ್ ಎಂಗೋ ಒತ್ಕೊತೀನಿ ಕಣವ್ವ. ನನ್ ಎಣ ಆ ದಾರೀಲೇ ಓಗ್ಬೇಕು. ನಮ್ಮೆಜಮಾನ್ರು ಆ ವಲದಾಗೇ ಮಲ್ಗವ್ರೆ" ಎನ್ನುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಅವಳು ಕಟಕಟೆ ಹತ್ತಿ ದಾರಿ ಮೊದಲಿನಿಂದಲೂ ಇತ್ತು ಅಂತ ಸಾಕ್ಷಿ ಹೇಳಬೇಕಿತ್ತು. ಒಂದು ಗಂಟೆಯ ಕೆಲಸ. ಫೈಲು ನನಗೆ ಬಾಯಿಪಾಠವಾಗಿತ್ತು. "ನಾನೇ ನಡೆಸ್ತೀನಿ ಅಜ್ಜಿ" ಅಂದಾಗ ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಬ್ಯಾಡ ಕಣವ್ವ, ಬೇಜಾರ್ ಮಾಡ್ಕಬ್ಯಾಡ. ಅವ್ರ ಕೈಗುಣ ಬ್ಯಾರೆ. ಅವ್ರ್ ಆಕಿದ್ ಗಂಟು, ಅವ್ರೇ ಬಿಚ್ಲಿ."

ನಮ್ಮ ಕಡೆ ಡಾಕ್ಟರಿಗೆ ಮಾತ್ರವಲ್ಲ, ವಕೀಲರಿಗೂ ಕೈಗುಣ ಉಂಟು. ಕಾಗದವನ್ನು ಮೊದಲು ಮುಟ್ಟಿದ ಕೈಯೇ ಕೊನೆ ಮುಟ್ಟಿಸಬೇಕು. ನಮ್ಮ ಕಸುಬಿನಲ್ಲೂ ಹೆಚ್ಚುಕಡಿಮೆ ಹಾಗೆಯೇ. ಸೀನಿಯರ್ ಹೂಂ ಅನ್ನದೆ ಜೂನಿಯರ್ ಅವರ ಕೇಸಿನ ಸಾಕ್ಷಿಗೆ ಕೈಹಾಕುವಂತಿಲ್ಲ. ಫೋನು ಮಾಡಿ ಕೇಳಿದೆ. "ಅಜ್ಜಿ ಕೇಸ್ ನಾನೇ ಮಾಡ್ತೀನಿ ಕಣಮ್ಮ, ಮಾತು ಕೊಟ್ಟಿದ್ದೀನಿ. ಅಧಿವೇಶನ ಮುಗೀಲಿ ಇರು" ಅಂದರು. ಅವರು ಕೆಟ್ಟವರಲ್ಲ, ನಿಜವಾಗಿಯೂ ಬರಬೇಕೆಂದೇ ಇದ್ದರು. ಒಂದು ಅಧಿವೇಶನ ಮುಗಿದರೆ ಇನ್ನೊಂದು ಬರುತ್ತಿತ್ತು. ಹಟ ಹಿಡಿದಿದ್ದರೆ ಒಪ್ಪುತ್ತಿದ್ದರೋ ಏನೋ. ಹಿಡಿಯಲಿಲ್ಲ. ಆಫೀಸಿನ ಬೋರ್ಡಿನಲ್ಲಿ ಅವರ ಹೆಸರಿತ್ತು, ಅದರ ಕೆಳಗೆ ನನ್ನ ಅನ್ನವಿತ್ತು. ನನಗೆ ಹೆದರಿಕೆ.

ಪ್ರತಿ ವಾಯಿದೆಗೂ ಅಜ್ಜಿ ಬಸ್ಸು ಹಿಡಿದು ಬಂದು ಕೋರ್ಟಿನ ಮೆಟ್ಟಿಲ ಮೇಲೆ ಕೂರುವಳು. "ನಮ್ ಲಾಯರ್ರು ಪಾರ್ಲಿಮೆಂಟ್ನಾಗವ್ರೆ" ಅಂತ ಕಂಡಕಂಡವರಿಗೆಲ್ಲ ಹೇಳುವಳು. ಒಮ್ಮೆ ಅವರು ಲೋಕಸಭೆಯಲ್ಲಿ ಹೊಗೆಸೊಪ್ಪು ಬೆಳೆಗಾರರ ಬಗ್ಗೆ ಮಾತಾಡಿದ್ದನ್ನು ಮೊಬೈಲಿನಲ್ಲಿ ತೋರಿಸಿದೆ. ಕೈಮುಗಿದು ಕೊನೆತನಕ ನೋಡಿ, "ನನ್ ದಾರಿ ವಿಸ್ಯ ಎತ್ನೇ ಇಲ್ವಲ್ಲವ್ವ?" ಅಂದಳು. ನಾನು ಬಿದ್ದು ಬಿದ್ದು ನಕ್ಕೆ. ಥೂ, ಎಂಥ ನಗು ಅದು.

ಅವರ ಎರಡನೆಯ ಅವಧಿಯಲ್ಲಿ ಅಜ್ಜಿ ತೀರಿಕೊಂಡಳು. ಪಿರಿಯಾಪಟ್ಟಣಕ್ಕೆ ಕೊಟ್ಟಿದ್ದ ಅವಳ ಮಗಳು ಫೋನು ಮಾಡಿದಳು. ಆವತ್ತು ಸೀನಿಯರ್ ಊರಲ್ಲೇ ಇದ್ದರು. ಅವರಿಗೂ ತಿಳಿಸಿ ನಾನು ಮುಂದೆ ಹೋದೆ. ಹೆಣ ಹೊತ್ತವರು ತಂತಿಬೇಲಿಯ ಮುಂದೆ ನಿಂತಿದ್ದರು. ಮೈದುನ ಕೈಕಟ್ಟಿಕೊಂಡು, "ಕೋರ್ಟ್ನಾಗದಲ್ಲ, ಅಲ್ಲೇ ತೀರ್ಮಾನ ಆಗ್ಲಿ" ಅನ್ನುತ್ತಿದ್ದ. ಕಾಲುವೆ ಏರಿಯ ಮೇಲೆ ಚಟ್ಟ ಸಾಗಿಸುವುದು ಹೇಗೆಂದು ಗಂಡಸರು ಮಾತಾಡಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಸೀನಿಯರ್ ಕಾರು ಬಂತು. ಹಾರ ಹಾಕಿ ಕೈಮುಗಿದವರು ನೇರವಾಗಿ ಮೈದುನನ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟರು.

"ಬುಡ್ಲಾ ದಾರಿಯ."

ಅಷ್ಟೇ. ಅವನು ತಂತಿ ಬಿಚ್ಚತೊಡಗಿದ. "ನೀವು ಇದೊಂದ್ ಮಾತ್ ಯೋಳಿದ್ರೆ ಅವತ್ತೇ ಬುಡ್ತಿದ್ನಲ್ಲ ಬುದ್ಧಿ" ಅಂದ.

ಅಜ್ಜಿ ತನ್ನ ದಾರಿಯಲ್ಲೇ ಹೋದಳು. ಕಾರು ಹತ್ತುವಾಗ ಸೀನಿಯರ್ ನನ್ನತ್ತ ತಿರುಗಿ, "ನೋಡಿದ್ಯಾ, ಮಾತು ಉಳಿಸ್ಕೊಂಡೆ" ಅಂದರು. ಅವರ ಕಣ್ಣು ತುಂಬಿತ್ತು. ನನಗೆ ಸಿಟ್ಟು ಬರಲಿಲ್ಲ, ಅಳುವೂ ಬರಲಿಲ್ಲ. ಒಳಗೆ ಏನೂ ಇರಲಿಲ್ಲ. ಹೂಂ ಸಾರ್ ಅಂದೆ.

ಮೂರನೆಯ ದಿನ, ಸಮಾಧಿಗೆ ಹಾಲುತುಪ್ಪ ಬಿಟ್ಟು ಬಂದ ಮೇಲೆ, ಮಗಳು ಮತ್ತೆ ಫೋನು ಮಾಡಿದಳು. "ಆಲುತುಪ್ಪ ಬುಡಕ್ಕೆ ಓದ್ರೆ ತಿರ್ಗಾ ತಂತಿ ಕಟ್ಟವ್ನೆ ಅಕ್ಕ. ಏರಿ ಮ್ಯಾಲೇ ಸುತ್ಕೊಂಡ್ ಓಗ್ ಬುಟ್ ಬಂದೊ. ಕೇಸ್ ನೀವೇ ನಡ್ಸಿ. ನಂಗ್ ಎಂಪಿ ಬ್ಯಾಡ."

ಅಷ್ಟು ವರ್ಷಗಳಲ್ಲಿ ನನ್ನನ್ನೇ ಬೇಕು ಅಂದ ಮೊದಲ ಕಕ್ಷಿದಾರಳು ಅವಳು. ಅಜ್ಜಿಯ ಜಾಗದಲ್ಲಿ ಮಗಳನ್ನು ಸೇರಿಸಿಕೊಳ್ಳುವ ಅರ್ಜಿಯನ್ನು ನಾನೇ ಬರೆದೆ, ಅವಳ ಸಹಿ ಹಾಕಿಸಿದೆ. ವಾಯಿದೆಯ ದಿನ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಬೆಂಚ್ ಕ್ಲರ್ಕ್ ಕೇಸು ಕೂಗಿದರು. ಎದ್ದು ನಿಂತೆ.

"ಸೀನಿಯರ್ ದೆಹಲಿಯಲ್ಲಿದ್ದಾರೆ ಸ್ವಾಮಿ, ವಾಯಿದೆ ಕೊಡಬೇಕು."

ನನ್ನ ಬಾಯಿ ಅದನ್ನು ಹೇಳಿ ಮುಗಿಸಿತ್ತು. ಜಡ್ಜು ತಲೆ ಎತ್ತಲೂ ಇಲ್ಲ, ಮುಂದಿನ ತಾರೀಖು ಬರೆದಾಗಿತ್ತು. ಕ್ಲರ್ಕ್ ಮುಂದಿನ ಕೇಸು ಕೂಗಿದರು. ಅರ್ಜಿ ನನ್ನ ಕೈಯಲ್ಲೇ ಇತ್ತು.

ಮಗಳು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಹೊರಗೆ ಬಂದಾಗ ಅವಳು ಜಗಳ ತೆಗೆಯಲಿಲ್ಲ.

"ನಮ್ಮವ್ವ ಬಂದಾಗ್ಲೂ ಇದ್ನೇ ಯೋಳ್ತಿದ್ರಾ ಅಕ್ಕ?" ಅಂದಳು.

ಹೌದು ಅಂದೆ.