ಪತ್ರಿಕೆಯಲ್ಲಿ ಓಡಿದ ಬಸ್ಸು

ಸಚಿವರೊಬ್ಬರಿಗೆ ನಾನು ಹಿರಿಯ ಪತ್ರಿಕಾ ಸಲಹೆಗಾರನಾಗಿದ್ದೆ. ಮೂರು ವರ್ಷದಲ್ಲಿ ಅವರು ಒಮ್ಮೆಯೂ ನನ್ನ ಸಲಹೆ ಕೇಳಲಿಲ್ಲ. ದಿನಾ ಕೇಳುತ್ತಿದ್ದದ್ದು ಒಂದೇ ಮಾತು: "ನಾಳಿ ಪೇಪರಿನ್ಯಾಗ ಬರತೈತೆಲ್ಲ?" ಹದಿನೆಂಟು ವರ್ಷ ವರದಿಗಾರನಾಗಿ ಮಂದಿಯನ್ನು ಪ್ರಶ್ನೆ ಕೇಳಿದ ನನಗೆ ಕಡೆಗೆ ಉಳಿದದ್ದು "ಬರತೈತ್ರಿ" ಅನ್ನುವ ಉತ್ತರ.

ಆಗ ಬಿಜಾಪುರದ ಜಿಲ್ಲಾ ಪುಟಕ್ಕೆ ಸಂಜೆ ಐದರೊಳಗೆ ಸುದ್ದಿ ಮುಟ್ಟಬೇಕಿತ್ತು. ನಮ್ಮ ಸಾಹೇಬರೋ, ಹನ್ನೊಂದರ ಕಾರ್ಯಕ್ರಮಕ್ಕೆ ಎರಡು ಗಂಟೆಗೆ ಬರುವವರು. ಹೀಗಾಗಿ ಪ್ರವಾಸದ ಪಟ್ಟಿ ಎದುರಿಗಿಟ್ಟುಕೊಂಡು ಬೆಳಗ್ಗೆಯೇ ಪ್ರಕಟಣೆ ಬರೆದುಬಿಡುತ್ತಿದ್ದೆ. ಉದ್ಘಾಟಿಸಿದರು, ಮಾತನಾಡಿದರು, ಜನ ಕಿಕ್ಕಿರಿದಿದ್ದರು, ಎಲ್ಲವೂ ನಡೆದುಹೋದಂತೆ. ಒಲೆ ಹಚ್ಚುವ ಮೊದಲೇ ಊಟ ಚಲೋ ಇತ್ತು ಅಂದ ಹಾಗೆ. ಎಲ್ಲ ಸಚಿವರ ಕಡೆಯವರೂ ಹೀಗೇ ಮಾಡುತ್ತಿದ್ದರು, ಪತ್ರಿಕೆಯವರಿಗೂ ಗೊತ್ತಿತ್ತು. ನಾಚಿಕೆ ಮೊದಲ ತಿಂಗಳಲ್ಲೇ ಹೋಗಿತ್ತು.

ತೊಂಬತ್ತರ ದಶಕದ ಕೊನೆಯ ಒಂದು ಜೂನ್. ಬೆಳಗ್ಗೆ ಮುದ್ದೇಬಿಹಾಳ, ಮಧ್ಯಾಹ್ನ ಬಸವನ ಬಾಗೇವಾಡಿ, ಆಮೇಲೆ ಸಿಂದಗಿ, ಸಂಜೆ ಇಂಡಿ ತಾಲೂಕಿನ ಒಂದು ಹಳ್ಳಿ. ಆ ಹಳ್ಳಿಯಿಂದ ಇಂಡಿಯ ಕಾಲೇಜಿಗೆ ಹೋಗಿಬರಲು ಹೊಸ ಬಸ್ಸು ಮಂಜೂರಾಗಿತ್ತು. ಸಾಹೇಬರು ಹಸಿರು ನಿಶಾನೆ ತೋರಿಸಬೇಕು, ಅಷ್ಟೇ. "ನಾಳೆಯಿಂದ ದಿನಾ ಬೆಳಗ್ಗೆ ಏಳಕ್ಕೆ ಹೊರಡಲಿದೆ, ಹೆಣ್ಣುಮಕ್ಕಳ ಓದಿಗೆ ಅನುಕೂಲವಾಗಲಿದೆ" ಎಂದು ಬರೆದು ಮಧ್ಯಾಹ್ನವೇ ಫ್ಯಾಕ್ಸ್ ಮಾಡಿಸಿದೆ. ಸಿಂದಗಿಯಲ್ಲಿ ಕಾರ್ಯಕರ್ತರ ಮನೆಯ ಊಟ ಮುಗಿಯುವುದಕ್ಕೂ ಬೆಂಗಳೂರಿನಿಂದ ಫೋನ್ ಬರುವುದಕ್ಕೂ ಸರಿಹೋಯಿತು. ಗಾಡಿ ಇಂಡಿಯ ದಾರಿ ಬಿಟ್ಟು ಬಿಜಾಪುರದ ಕಡೆ ತಿರುಗಿತು. ಆ ಹಳ್ಳಿಯಲ್ಲಿ ಹಾರ ಹಾಕಿಸಿಕೊಂಡ ಬಸ್ಸು ಹೊತ್ತು ಮುಳುಗುವ ತನಕ ನಿಂತು, ಬಂದ ದಾರಿಯಲ್ಲೇ ಡಿಪೊಗೆ ವಾಪಸಾಯಿತು. ಮರುದಿನ ಪತ್ರಿಕೆಯಲ್ಲಿ ಮಾತ್ರ ನಿಶಾನೆ ಹಾರಿತ್ತು.

ಮುಂದಿನ ವಾರ ನಾವು ಇಂಡಿಯ ಪ್ರವಾಸಿ ಮಂದಿರದಲ್ಲಿದ್ದಾಗ ಆ ಊರಿನ ರೈತನೊಬ್ಬ ಬಂದ. ಕೈಯಲ್ಲಿ ಮಡಚಿದ ಪತ್ರಿಕೆ.

"ಇದನ್ನ ಬರದವರು ಯಾರ್ರಿ?"

"ನಾನೇ," ಅಂದೆ.

"ಮಂತ್ರಿ ಬರದಿದ್ರೂ ಬಸ್ ಬಿಟ್ಟಾರ ಅಂತ ತಿಳಕೊಂಡ್ವಿರಿ. ನನ್ನ ಮಗಳು ಹತ್ತನೇತ್ತಾ ಫಸ್ಟ್ ಕ್ಲಾಸ್ ಪಾಸ್ ಆಗ್ಯಾಳ. ಬಸ್ ಆದ್ರ ಕಾಲೇಜಿಗಿ ಕಳಸ್ತೇನಿ ಅಂದಿದ್ದೆ. ಇದನ್ನ ಕಟ್ಟಿ ಮ್ಯಾಲ ಕುಂತು ಎಲ್ಲಾರ ಮುಂದ ಓದಿ, ಹೂಂ ಅಂದೆ. ನಾಕ ದಿನ ಮುಂಜಾನಿ ಆರೂವರಿಗೆ ಹೋಗಿ ನಿಂತಾಳ್ರಿ ಆಕಿ. ಅಡ್ಮಿಷನ್‌ಗೆ ಇನ್ನ ಹತ್ತ ದಿನ ಐತಿ."

ಇಂಡಿಗೆ ಹದಿನಾಲ್ಕು ಕಿಲೋಮೀಟರ್. ನಡೆದು ಹೋಗುವ ಮಾತಲ್ಲ. ಹತ್ತು ದಿನ ಸಾಕು, ಒಂದು ಫೋನಿನ ಕೆಲಸ ಅಂದುಕೊಂಡೆ.

ಡಿಪೊ ಮ್ಯಾನೇಜರ್ ಅಂದ: "ನಿಶಾನಿ ತೋರಸಲಾರದ ಹ್ಯಾಂಗ್ ಬಿಡ್ಲಿರಿ? ಸಾಹೇಬ್ರು ಸಿಟ್ಟಾದ್ರ ನನ್ನ ಎಲ್ಲಿಗಿ ಒಗೀತಾರೋ ಏನೋ." ಸಾಹೇಬರ ಬಳಿ ಹೋದೆ. ಅವರು ನಕ್ಕರು. "ಪೇಪರಿನ್ಯಾಗ ಉದ್ಘಾಟನಿ ಆಗೈತೆಲ್ಲ! ಮತ್ತೊಮ್ಮೆ ನಿಶಾನಿ ಹಿಡಕೊಂಡು ನಿಂತರ ಮಂದಿ ನಗೂದಿಲ್ಲೇನು?" ಹಾಗಾದರೆ ಡಿಪೊಗೆ ಒಂದು ಮಾತು ಹೇಳಿರಿ ಅಂದೆ. "ಹೇಳ್ತೇನಿ." ಹೇಳಲಿಲ್ಲ. ಮರುದಿನ ನೆನಪಿಸಿದೆ, ಅದರ ಮರುದಿನವೂ ನೆನಪಿಸಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿ ಕೊಡಲು ತಯಾರಿದ್ದ, ದೇವರಿಗೇ ನೆನಪಿರಲಿಲ್ಲ. ಕೋಣೆಗೆ ಬಂದು ಒಬ್ಬನೇ ಬೈದೆ. ಅವರನ್ನು ಅರ್ಧ, ನನ್ನನ್ನು ಅರ್ಧ.

ಕಡೆಗೆ ಪತ್ರಿಕೆಯ ಹಳೆಯ ಗೆಳೆಯನಿಗೆ ಫೋನ್ ಮಾಡಿದೆ. ಬಸ್ಸು ಶುರುವಾಗಿಲ್ಲ ಅಂತ ಎರಡು ಸಾಲು ಹಾಕಪ್ಪಾ, ಅದು ಬಂದರೆ ಇವರು ತಾವಾಗಿಯೇ ಓಡಿಸುತ್ತಾರೆ ಅಂದೆ. ಅವನು ಹೇಳಿದ: "ಓಡತೈತಿ ಅಂತ ಕಳಿಸಿದಾಂವ ನೀನ. ಓಡೂದಿಲ್ಲ ಅಂತ ಲೆಟರ್‌ಹೆಡ್ ಮ್ಯಾಲ ಬರದು ಸಹಿ ಮಾಡಿ ಕಳಿಸು. ನಾಳಿನ ಹಾಕ್ತೇನಿ."

ಲೆಟರ್‌ಹೆಡ್ ತೆಗೆದೆ. "ಸದರಿ ಬಸ್ ಸಂಚಾರ ಇನ್ನೂ ಆರಂಭವಾಗಿರುವುದಿಲ್ಲ" ಎಂದು ಬರೆದೆ. ಸಹಿಯ ಜಾಗ ಖಾಲಿ ಇತ್ತು. ಸಹಿ ಮಾಡಿದರೆ ನೌಕರಿ ಹೋಗುವುದು ಖಾತ್ರಿ. ನನ್ನ ಮಗಳು ಆ ವರ್ಷ ಧಾರವಾಡದ ಹಾಸ್ಟೆಲಿನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳು. ಹಾಳೆಯನ್ನು ಮಡಚಿ ಚೀಲದೊಳಗಿಟ್ಟೆ. ನಾಳೆ ನೋಡೋಣ ಅಂದುಕೊಂಡೆ. ಹೀಗೆ ನಾಳೆ ನಾಳೆ ಅನ್ನುತ್ತಲೇ ಹತ್ತು ದಿನ ಮುಗಿದವು.

ಮುಂದಿನ ತಿಂಗಳು ಯಾವುದೋ ಸಭೆಯಲ್ಲಿ ಡಿಪೊ ಮ್ಯಾನೇಜರನೇ ಧೈರ್ಯ ಮಾಡಿ ಕೇಳಿದ. ಸಾಹೇಬರು ಫೈಲಿನಿಂದ ತಲೆ ಎತ್ತದೆ "ಬಿಡ್ರಿ ಬಿಡ್ರಿ" ಅಂದರು. ಅಷ್ಟೇ. ನಾನು ಗೋಗರೆದರೂ ಆಗದ್ದು ಇಷ್ಟರಲ್ಲಿ ಆಯಿತು.

ಮೊದಲ ದಿನ ಬೆಳಗ್ಗೆ ನಾನೂ ಆ ಹಳ್ಳಿಗೆ ಹೋದೆ. ಏಳಕ್ಕೆ ಸರಿಯಾಗಿ ಬಸ್ಸು ಬಂತು. ಸಂತೆಗೆ ಹೊರಟ ಇಬ್ಬರು ಹತ್ತಿದರು. ರೈತ ರಸ್ತೆ ಪಕ್ಕದ ತನ್ನ ಮನೆಯ ಬಾಗಿಲಲ್ಲಿ ನಿಂತಿದ್ದ. ಅವನ ಹಿಂದೆ ಮಗಳು ಹಿಟ್ಟು ಸೋಸುತ್ತಿದ್ದಳು. ಒಮ್ಮೆ ಬಸ್ಸಿನ ಕಡೆ ನೋಡಿ ಮತ್ತೆ ಜರಡಿ ಹಿಡಿದಳು.

"ಬಸ್ ಬಂತಲ್ರಿ," ಅಂದೆ. "ಈ ವರ್ಷ ಹೋತು. ಮುಂದಿನ ವರ್ಷಕ್ಕರೆ ಹಚ್ಚರಿ. ಇನ್ನ ದಿನಾ ಬರತೈತಿ, ನಾ ಹೇಳ್ತೇನಿ."

ಅವನು ಸಿಟ್ಟಾಗಲಿಲ್ಲ. ಕುಳಿತುಕೊಳ್ಳಲು ಕಟ್ಟೆ ಒರೆಸಿ, ಮಗಳಿಗೆ ಚಹಾ ಇಡಲು ಹೇಳಿದ. ಆಮೇಲೆ ಅಂದ:

"ನೀವು ಹೇಳಿದ್ದು ಒಮ್ಮೆ ಪೇಪರಿನ್ಯಾಗ ಓದೇನ್ರಿ, ಸಾಹೇಬ್ರ."