ಹೊನ್ನಕ್ಕ ಸರಿಮಾಡದೆ ಬಿಟ್ಟ ಹಾಸಿಗೆ

ಹಾಸನದ ನಮ್ಮ ಆಸ್ಪತ್ರೆಯ ಗಂಡಸರ ವಾರ್ಡಿಗೆ ಹೊನ್ನಕ್ಕ ಆಯಾ. ಹರದನಹಳ್ಳಿಯವಳು, ಅಕ್ಷರ ಬಾರದು, ಬಾಯಿ ಮಾತ್ರ ಜೋರು. ಬೆಳಿಗ್ಗೆ ಒಂಬತ್ತಕ್ಕೆ ಡಾಕ್ಟರ್ ಪ್ರದ್ಯುಮ್ನ ರೌಂಡ್ಸಿಗೆ ಬರುವಷ್ಟರಲ್ಲಿ ಇಪ್ಪತ್ತನಾಲ್ಕು ಜನ ರೋಗಿಗಳೂ ಅಂಗಾತ ಮಲಗಿ, ಹೊದಿಕೆ ಎದೆಯವರೆಗೆ ಎಳೆದುಕೊಂಡಿರಬೇಕು. ಕೆಮ್ಮುವವರು ಆಮೇಲೆ ಕೆಮ್ಮಬೇಕು. ಹಾಸಿಗೆ ಸುಕ್ಕಾಗಿದ್ದರೆ ಡಾಕ್ಟರು ಸಿಡುಕುತ್ತಿದ್ದರು ನಿಜ, ಅವರಿಗಿಂತ ಹೆಚ್ಚು ಸಿಡುಕುತ್ತಿದ್ದವಳು ಇವಳೇ. ಲ್ಯಾಬಿನವನಾದ ನಾನು ರಕ್ತ ತೆಗೆಯಲು ಹೋಗಿ ಮಂಚದ ಅಂಚಿಗೆ ಕೂತರೂ, "ಗಿರಿಧರಯ್ಯನೋರೆ, ಸ್ಟೂಲು ಕಾಣ್ಲಿಲ್ವಾ?" ಅನ್ನುತ್ತಿದ್ದಳು.

೧೯೯೭ರ ಜೂನ್ ತಿಂಗಳಲ್ಲಿ ರಾಮನಾಥಪುರದ ಕಡೆಯಿಂದ ಕೆಂಚಯ್ಯನನ್ನು ಹೊತ್ತು ತಂದರು. ಹೊಗೆಸೊಪ್ಪಿನ ಗಿಡಕ್ಕೆ ಬರಿಮೈಯಲ್ಲಿ, ಗಾಳಿಗೆ ಎದುರಾಗಿ ಹುಳದ ಔಷಧಿ ಹೊಡೆದು ಹೊಲದಲ್ಲೇ ಬಿದ್ದಿದ್ದ. ಬಾಯಲ್ಲಿ ನೊರೆ, ಕಣ್ಣಿನ ಪಾಪೆ ಸಾಸಿವೆಯಷ್ಟು. ಮೂರು ದಿನ ಸೂಜಿಯ ಮೇಲೆ ಸೂಜಿ ಚುಚ್ಚಿ ಉಳಿಸಿಕೊಂಡರು. ನಾಲ್ಕನೆಯ ದಿನ ಇಡ್ಲಿ ತಿಂದ. ಆದರೆ ನೋಡಲು ಬಂದವರೆಲ್ಲ, "ಔಷಧಿ ಕುಡಿಯೋವಂಥ ಕಷ್ಟ ಏನ್ಲಾ ಬಂದಿತ್ತು?" ಎಂದು ಕೇಳುವರು. ಕುಡಿದಿಲ್ಲ ಎಂದು ಹೇಳಿ ಹೇಳಿ ಅವನಿಗೆ ಸಾಕಾಗಿತ್ತು. ಊರಿಗೆ ಹೋಗಿ ಹೊಲದಲ್ಲಿ ನಿಂತರೆ ಆ ಮಾತು ನಿಲ್ಲುತ್ತದೆ ಎಂದುಕೊಂಡು, ಡಾಕ್ಟರು ಕೇಳಿದಾಗಲೆಲ್ಲ ಒಂದೇ ಉತ್ತರ ಕೊಡುತ್ತಿದ್ದ: "ಉಸಾರಾಗಿವ್ನಿ ಸಾ." ಐದನೆಯ ದಿನ ಮನೆಗೆ ಕಳಿಸುವುದೆಂದಾಯಿತು.

ಅವತ್ತು ಬೆಳಿಗ್ಗೆ ಹೊನ್ನಕ್ಕ ಲ್ಯಾಬಿಗೇ ಬಂದಳು.

"ಕೆಂಚಯ್ಯ ದಿಂಬು ತಬ್ಕಂಡು ಬಗ್ಗಿ ಕುಂತವ್ನೆ. ಒರಗ್ಸಿದ್ರೆ ಒಟ್ಟೆಯಿಂದ ಬೆನ್ನಿಗೆ ಕಿತ್ಕತದೆ ಅಂತಾನೆ. ನೆನ್ನೇನೂ ಅಂಗೇ ಕುಂತಿದ್ದ, ನಾನೇ ಗದರಿಸಿ ಮಲಗಿಸ್ದೆ."

"ಗ್ಯಾಸ್ಟ್ರಿಕ್ ಇರಬೇಕು. ಡಾಕ್ಟರಿಗೆ ಹೇಳು."

"ಕೇಳಿದ್ರೆ ಅವನು ಉಸಾರಾಗಿವ್ನಿ ಅಂತಾನೆ. ಆಯಾ ಮಾತು ಯಾರು ಕೇಳ್ತಾರೆ? ಇವತ್ತು ಒರಗಿಸಾಕಿಲ್ಲ, ಅಂಗೇ ಕಾಣ್ಲಿ. ನೀವೂ ಬನ್ನಿ. ನನ್ ಕೆಲ್ಸ ಹೋದ್ರೆ ಸಾಕ್ಷಿಗಿರ್ತೀರ."

ಒಂಬತ್ತಕ್ಕೆ ಡಾಕ್ಟರು ಬಂದರು. ಇಪ್ಪತ್ತಮೂರು ಹಾಸಿಗೆ ನೆಟ್ಟಗಿದ್ದವು. ಒಂದರ ಹೊದಿಕೆ ಮಾತ್ರ ನೆಲದ ಮೇಲೆ, ಅದರ ಮನುಷ್ಯ ಮಂಡಿಗೆ ಹಣೆ ಹಚ್ಚಿ ಮುದುಡಿ ಕೂತಿದ್ದ.

"ಏನಿದು ಹೊನ್ನಕ್ಕ?"

"ಇಂಗೇ ಇದ್ದ ಸಾ. ನಾನು ನೆಟ್ಟಗೆ ಮಾಡಿ ನಿಮ್ಗೆ ತೋರಿಸ್ತಿದ್ದೆ. ತಪ್ಪು ನಂದು."

ಉಸಾರಾಗಿವ್ನಿ ಎನ್ನಲು ಕೆಂಚಯ್ಯ ಬಾಯಿ ತೆರೆದ, ವಾಂತಿ ಬಂತು. ಡಾಕ್ಟರು ಬೈಯಲಿಲ್ಲ. ಹೊಟ್ಟೆಯ ಮೇಲ್ಭಾಗ ಒತ್ತಿ ನೋಡಿ ನನ್ನತ್ತ ತಿರುಗಿದರು. "ಅಮೈಲೇಸ್ ಮಾಡಿ. ಈಗಲೇ."

ರಕ್ತದಲ್ಲಿ ಅದು ಇರಬೇಕಾದ್ದಕ್ಕಿಂತ ಎಂಟು ಪಟ್ಟು ಬಂತು. ನಂಬದೆ ಮತ್ತೊಮ್ಮೆ ಮಾಡಿದೆ, ಅಷ್ಟೇ. ಸ್ಕ್ಯಾನಿಂಗ್‌ನಲ್ಲಿ ಮೇದೋಜೀರಕ ಗ್ರಂಥಿ ಊದಿಕೊಂಡಿತ್ತು. ಜಠರದ ಹಿಂದೆ ಅಡಗಿ ಜೀರ್ಣರಸ ಮಾಡುವ ಗ್ರಂಥಿ ಅದು; ಕೆರಳಿದರೆ ಅದರ ಅಮೈಲೇಸ್ ರಕ್ತಕ್ಕೆ ಸೋರುತ್ತದೆ. ಹೊಲದ ವಿಷ ಕೆಲವರಲ್ಲಿ ಅದನ್ನೂ ಕೆರಳಿಸುತ್ತದಂತೆ. ಮನೆಗೆ ಕಳಿಸಿ ಮುದ್ದೆ ಉಣ್ಣಿಸಿದ್ದರೆ ಅವನು ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ನನ್ನ ಗ್ಯಾಸ್ಟ್ರಿಕ್ ಮಾತಿಗೆ ನನಗೇ ನಾಚಿಕೆಯಾಯಿತು.

ಆರು ದಿನ ಬಾಯಿಗೆ ಹನಿ ನೀರಿಲ್ಲ. ಮೂಗಿಗೆ ನಳಿಕೆ, ಕೈಗೆ ಡ್ರಿಪ್ಪು. ಹೆಂಡತಿ ಗುರುಸಿದ್ದಮ್ಮ ವಾರ್ಡಿನ ಬಾಗಿಲ ಹೊರಗೆ ಗೋಡೆಗೊರಗಿ ಕೂತವಳು ಕಣ್ಣು ಮುಚ್ಚಲಿಲ್ಲ. ಏಳನೆಯ ದಿನ ಅಮೈಲೇಸ್ ಸರಿಹೋಯಿತು. ಚೀಟಿ ಹಿಡಿದು ನಾನೇ ಓಡಿದೆ. ಅಷ್ಟು ಖುಷಿಯಾಗಿತ್ತು.

ಹೊನ್ನಕ್ಕ ನಕ್ಕಳು. "ಬೆಳಗಿಂದ ಕಾಲು ಚಾಚ್ಕಂಡು ಗೊರಕೆ ಒಡೀತಾವ್ನೆ. ನಿಮ್ ಚೀಟಿ ಈಗ ಬಂತಾ? ಹೋಗಿ ಬಾಗ್ಲಲ್ಲಿ ಕುಂತಿರೋ ಆ ತಾಯಿಗೆ ಹೇಳಿ."

"ವಾಸಿಯಾಗ್ತಿದೆ ಕಣಮ್ಮ. ನಾಳೆ ಗಂಜಿ ಕೊಡ್ತಾರೆ" ಎಂದೆ.

ಗುರುಸಿದ್ದಮ್ಮ ನನ್ನನ್ನೇ ನೋಡಿದಳು. "ಅವರೇ ಕೊಡ್ತಾರಾ ಸಾ, ನಾನು ಕುಡಿಸ್ಬೌದಾ?"

"ನೀನೇ ಕುಡಿಸು."

ಅಷ್ಟು ಕೇಳಿದ್ದೇ ಕೂತಲ್ಲೇ ಪಕ್ಕಕ್ಕೆ ವಾಲಿ ನಿದ್ದೆ ಹೋದಳು. ಹೊನ್ನಕ್ಕ ಅವಳ ತಲೆಯಡಿಗೆ ಒಂದು ದಿಂಬು ಕೊಟ್ಟು, ಬಾಗಿಲಲ್ಲಿ ನಿಂತು, ಬಂದವರನ್ನೆಲ್ಲ ಹಿಂದಿನ ಬಾಗಿಲಿನಿಂದ ಕಳಿಸಿದಳು.